ಕೆಂಪು ಬಣ್ಣದ ಕೊಕ್ಕೆ

ಹಾಲೇಶಪ್ಪ ದಲಾಲಿ ಮಂಡಿಯ ಗಾದಿ ಬಿಟ್ಟು ಮನೆ ಸೇರಿದ ಮೇಲೆ ಸರ್ವಮಂಗಳಮ್ಮನ ಅಡುಗೆಮನೆಗೆ ಮೇಲಧಿಕಾರಿಯೊಬ್ಬ ಬಂದು ಕೂತಂತಾಯಿತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಎಳೆದುಕೊಂಡು, ಬಿಳಿ ಪಂಚೆಯ ಚುಂಗು ಹಿಡಿದು ನೇರ ಒಲೆಯ ಬಳಿ ಬಂದು ನಿಲ್ಲುತ್ತಿದ್ದ. ಬೇಳೆಯನ್ನು ಉಗುರಿನಿಂದ ಒತ್ತಿ ನೋಡಿ "ಇದು ಹಳೇ ಮಾಲು" ಎನ್ನುತ್ತಿದ್ದ. ಒಗ್ಗರಣೆಯ ಎಣ್ಣೆ ಕಂಡು ಹುಬ್ಬೇರಿಸುತ್ತಿದ್ದ. ಸಾಸಿವೆ ಡಬ್ಬಿ ಎಲ್ಲಿದೆ ಎಂದು ಜೀವಮಾನದಲ್ಲಿ ಕೇಳದ ಗಂಡಸು ಈಗ ಸಾಸಿವೆ ಎಷ್ಟು ಹೊತ್ತು ಸಿಡಿಯಬೇಕು ಎಂದು ಪಾಠ ಹೇಳತೊಡಗಿದರೆ ಯಾವ ಹೆಂಗಸು ತಾನೇ ಸಹಿಸಿಯಾಳು?

"ನೀವು ಹೊರಗೆ ಕೂಡ್ರಿ. ಚಾ ಅಲ್ಲಿಗೇ ತರ್ತೀನಿ."

"ಹೊರಗೆ ಏನೈತೆ?"

"ಪೇಪರ್ ಐತೆ."

"ಓದಿ ಆತು."

"ಇನ್ನೊಂದ್ ಸಲ ಓದ್ರಿ."

ಮಂಡಿಯಿಂದ ಅವನನ್ನು ಎಬ್ಬಿಸಿದವನು ಮಗ ಬಕ್ಕೇಶ್. ಜಗಳ ತೆಗೆದು ಎಬ್ಬಿಸಿದ್ದಲ್ಲ. ಮೆಕ್ಕೆಜೋಳ ತಂದ ರೈತರು ಲೆಕ್ಕ ಬರೆಯುವ ಮಗನನ್ನು ಬಿಟ್ಟು ಗಾದಿಯ ಮೇಲಿದ್ದ ಅಪ್ಪನಿಗೇ ಕೈ ಮುಗಿದು ದರ ಕೇಳುತ್ತಿದ್ದರು. ಅಪ್ಪ ಒಂದು ಹೇಳಿದರೆ ಮಗ ಇನ್ನೊಂದು ಹೇಳಿರುತ್ತಿದ್ದ. ಕೊನೆಗೆ ಬಕ್ಕೇಶ್ ಒಂದು ದಿನ ಊಟಕ್ಕೆ ಕೂತಾಗ ತಲೆ ಎತ್ತದೆ, "ಅಪ್ಪಾಜಿ, ನೀವಿನ್ನು ಆರಾಮ ಮಾಡ್ರಿ" ಎಂದ. ಆರಾಮ ಮಾಡಿ ಎಂದರೆ ಜಾಗ ಬಿಡಿ ಎಂದರ್ಥ ಎಂದು ಹಾಲೇಶಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮರುದಿನದಿಂದ ಮಂಡಿಯ ಕಡೆ ತಲೆ ಹಾಕಲಿಲ್ಲ.

ಅತ್ತೆಯ ಪಾಡು ನೋಡಲಾರದೆ ದಾರಿ ಹುಡುಕಿದವಳು ಸೊಸೆ ಸ್ನೇಹಾ. ಹಲ್ಲಿನ ಡಾಕ್ಟರು, ದೇವರಾಜ ಅರಸು ಬಡಾವಣೆಯಲ್ಲೇ ಮನೆಯಿಂದ ಎರಡು ರಸ್ತೆ ಆಚೆ ಅವಳದೊಂದು ಸಣ್ಣ ಕ್ಲಿನಿಕ್ಕು. ಒಂದು ಸಂಜೆ ಮಾವನ ಕೈಗೆ ತನ್ನ ಮೊಬೈಲು ಕೊಟ್ಟು ಒಂದು ವಿಡಿಯೋ ಹಚ್ಚಿದಳು. ಯಾವುದೋ ಊರಿನ ಹುಡುಗರು ಹಳೆಯ ಜೀಪಿಗೆ ಅಗಲದ ಗಾಲಿ, ಕಬ್ಬಿಣದ ಬಂಪರು, ಮೇಲೊಂದು ಪೈಪಿನ ಪಂಜರ ಹಾಕಿ ಅದನ್ನು ಬಂಡೆಗಳ ಮೇಲೆ ಹತ್ತಿಸುತ್ತಿದ್ದರು. ಹಾಲೇಶಪ್ಪ ಚಾ ಆರಿಹೋಗುವವರೆಗೆ ನೋಡಿದ.

"ನಮ್ಮ ಜೀಪೂ ಹಿಂಗೇ ಹತ್ತತಿತ್ತು," ಎಂದ. "ಕೇಳು ನಿಮ್ಮತ್ತೀನ."

ಸರ್ವಮಂಗಳಮ್ಮ ನಕ್ಕಳು. ಮದುವೆಯಾದ ವರ್ಷ, ಹರಿಹರದ ಆಚೆ ಕಡರನಾಯಕನಹಳ್ಳಿಯ ತವರಿನಿಂದ ಅವಳನ್ನು ಕರೆತರಲು ಹಾಲೇಶಪ್ಪ ಬಂದಾಗ ಮಳೆ ಹೊಡೆದು ದಾರಿಯೆಲ್ಲ ಕೆಸರಾಗಿತ್ತು. ಬಸ್ಸಿಲ್ಲ, ಗಾಡಿಯಿಲ್ಲ. ಆ ಜೀಪಿನಲ್ಲಿ ಕೂತು, ಕಂಬಿ ಗಟ್ಟಿಯಾಗಿ ಹಿಡಿದು, ಸೀರೆಗೆಲ್ಲ ಕೆಸರು ಸಿಡಿಸಿಕೊಂಡು ಗಂಡನ ಮನೆ ಸೇರಿದ್ದಳು. ಈಗ ಅದೇ ಜೀಪು ಲೋಕಿಕೆರೆಯ ತೋಟದ ಶೆಡ್ಡಿನಲ್ಲಿ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಆ ವಾರವೇ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಜೀಪು ಮನೆಯ ಪಕ್ಕದ ಖಾಲಿ ಸೈಟಿಗೆ ಬಂತು. ಮೆಕ್ಯಾನಿಕ್ ಒಬ್ಬ ಬಂದು ಎಂಜಿನ್ನಿಗೆ ಜೀವ ಕೊಟ್ಟ. ಅದರ ಬಂಪರು, ಪಂಜರ ತಾನೇ ಮಾಡಲು ವೆಲ್ಡಿಂಗ್ ಕಲಿಯುತ್ತೇನೆ ಎಂದು ಹಾಲೇಶಪ್ಪ ಬೆಳಗಿನ ಬಸ್ಸಿಗೆ ಹರಿಹರಕ್ಕೆ ಹೋಗತೊಡಗಿದ. ಅಲ್ಲಿ ಗೇಟು, ಟ್ರೇಲರು ಮಾಡುವ ಮಸ್ತಾನಸಾಬ್ ಹಳೆಯ ಪರಿಚಯ. ಸಾವುಕಾರ್ರು ತಮಾಷೆಗೆ ಬಂದಿದ್ದಾರೆ ಎಂದುಕೊಂಡ ಅವನು ಮೊದಲ ದಿನ ಕುರ್ಚಿ ಹಾಕಿ ಕೂರಿಸಿದನಂತೆ. ಎರಡನೆಯ ವಾರದಲ್ಲಿ ಕುರ್ಚಿ ತೆಗೆದನಂತೆ. ಇದನ್ನು ಹಾಲೇಶಪ್ಪ ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿದ.

"ಮಸ್ತಾನಂದು ಒಂದೇ ಕಾನೂನು. ಬೆಸುಗೆ ಹಾಕಿದ ಮ್ಯಾಲೆ ಮೊದ್ಲು ಸುತ್ತಿಗೆ, ಆಮ್ಯಾಲೆ ಬಣ್ಣ. ಸುತ್ತಿಗೆ ಏಟು ತಿನ್ನದ ಬೆಸುಗೆಗೆ ಬಣ್ಣ ಮುಟ್ಟಿಸಂಗಿಲ್ಲ."

"ಅಪ್ಪಾಜಿ, ಮಾರ್ಕೆಟ್ನಾಗೆ ನನ್ನ ಏನ್ ಕೇಳ್ತಾರೆ ಗೊತ್ತಾ?" ಎಂದ ಬಕ್ಕೇಶ್. "ಮಗ ಊಟಕ್ಕೆ ಹಾಕ್ತಿಲ್ಲೇನು, ನಿಮ್ಮಪ್ಪ ವೆಲ್ಡಿಂಗ್ ಶಾಪಿಗೆ ಕೆಲಸಕ್ಕೆ ಹೊಂಟಾರೆ ಅಂತಾರೆ."

"ಹಾಕ್ತಾನೆ ಅಂತ ಹೇಳು. ಇನ್ನೊಂದು ರೊಟ್ಟಿ ಹಾಕು ಮಂಗಳಾ."

ಒಂದು ಸಣ್ಣ ಮಷೀನು ಮನೆಗೂ ಬಂತು. ಅಲ್ಲಿಂದ ಮುಂದೆ ಸೈಟಿನಲ್ಲಿ ನೀಲಿ ಬೆಳಕು ಮಿಂಚಿದಾಗಲೆಲ್ಲ ಅಡುಗೆಮನೆಯ ದೀಪ ಮಂಕಾಗುತ್ತಿತ್ತು, ಮಿಕ್ಸಿ ಮುಲುಗುತ್ತಿತ್ತು. ಬಿಳಿ ಪಂಚೆಗಳೆಲ್ಲ ಕಿಡಿ ಹಾರಿ ಜರಡಿಯಾದವು. ಒಂದು ದಿನ ಮುಖಕ್ಕೆ ಮಾಸ್ಕು ಹಿಡಿಯದೆ "ಇಷ್ಟೇ ಇಷ್ಟು" ಎಂದು ಬೆಸುಗೆ ಹಾಕಿ, ಕಣ್ಣಿಗೆ ಮರಳು ತುಂಬಿದಂತಾಗಿ ರಾತ್ರಿಯಿಡೀ ನರಳಿದ. ಸರ್ವಮಂಗಳಮ್ಮ ಸೌತೆಕಾಯಿ ಹೋಳು ಇಟ್ಟಳು, ಸ್ನೇಹಾ ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದು ಬೈಸಿದಳು. ಮಾಸ್ಕಿಲ್ಲದೆ ಮಷೀನು ಮುಟ್ಟುವುದಿಲ್ಲ ಎಂದು ಬಾಯಿಬಿಟ್ಟು ಹೇಳುವವರೆಗೂ ಬಿಡಲಿಲ್ಲ.

ಅವನು ಮಾಡಿದ ಮೊದಲ ಸಾಮಾನು ಹಿತ್ತಲಿನ ಹೂಕುಂಡಕ್ಕೆ ಒಂದು ಸ್ಟ್ಯಾಂಡು. ಒಂದು ಕಾಲು ಗಿಡ್ಡವಾಗಿತ್ತು. ಸರ್ವಮಂಗಳಮ್ಮ ಅದರ ಕೆಳಗೆ ರಟ್ಟು ಮಡಚಿಟ್ಟು ಬಂದವರಿಗೆಲ್ಲ ತೋರಿಸಿದಳು. ನಿಜ ಹೇಳಬೇಕೆಂದರೆ ಅವಳಿಗೆ ಸುಖವಾಗಿತ್ತು. ಅಡುಗೆಮನೆ ಅವಳದಾಗಿತ್ತು; ಗಂಡ ಹಸಿದು ಬಂದು ಉಣ್ಣುತ್ತಿದ್ದ, ಮಲಗಿದ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಮೊಬೈಲಿನಲ್ಲಿ ಹಿಂದಿ ಮಾತಾಡುವ ಒಬ್ಬ ವೆಲ್ಡಿಂಗ್ ಮೇಷ್ಟ್ರು ದಿನಾ ಸಂಜೆ ಮನೆಯ ತುಂಬ ಗಂಟಲು ಹರಿದುಕೊಳ್ಳುತ್ತಿದ್ದ. ಅರ್ಥವಾಗದಿದ್ದರೂ ಆ ದನಿ ಅವಳಿಗೆ ಒಗ್ಗಿಹೋಗಿತ್ತು.

ಆಯುಧಪೂಜೆ ಬಂತು. ಅಪ್ಪ ಮಗ ಇಬ್ಬರೂ ಬೂದುಗುಂಬಳ, ಚೆಂಡುಹೂ, ಬಾಳೆಕಂದು ತರಲು ಪೇಟೆಗೆ ಹೊರಟರು. ಹೊರಡುವಾಗ ಹಾಲೇಶಪ್ಪ ಬಾಗಿಲಲ್ಲಿ ನಿಂತು ಹೇಳಿದ.

"ನನ್ನ ಸಾಮಾನು ಮುಟ್ಟಬ್ಯಾಡ. ಬಂದು ನಾನೇ ಜೋಡಿಸ್ತೀನಿ."

"ಆತು ಹೋಗ್ರಿ."

ಆತು ಎಂದಳು, ಸರಿ. ಆದರೆ ಈಳಿಗೆಮಣೆಯಿಂದ ಹಿಡಿದು ಮಂಡಿಯ ತಕ್ಕಡಿವರೆಗೆ ಮನೆಯ ಕಬ್ಬಿಣವೆಲ್ಲ ಮಿಂದು ಮಡಿಯಾಗಿ ಸಾಲಾಗಿ ಕೂತಿರುವಾಗ ಗಂಡನ ಸಾಮಾನಷ್ಟೇ ಮೈಲಿಗೆಯಲ್ಲಿ ಪೂಜೆಗೆ ಕೂರುವುದು ಹೇಗೆ? ಸುತ್ತಿಗೆ ತೊಳೆದಳು, ಇಕ್ಕಳ ತೊಳೆದಳು. ಅಲ್ಮೇರದಲ್ಲಿ ಬೆಸುಗೆ ಹಾಕುವ ರಾಡುಗಳ ಎರಡು ಡಬ್ಬಿಗಳಿದ್ದವು. ಒಂದು ಇನ್ನೂ ಒಡೆದಿರಲಿಲ್ಲ. ಒಡೆದದ್ದರ ಮುಚ್ಚಳ ತೆಗೆದರೆ ಗೇಣುದ್ದದ ಕಡ್ಡಿಗಳು, ಮೈತುಂಬ ಬೂದು ಬಣ್ಣದ ಲೇಪ. ಬೆರಳು ಸವರಿದರೆ ಬೂದಿಯಂತೆ ಹತ್ತುತ್ತಿತ್ತು. ಎಷ್ಟು ಧೂಳು ಕುಡಿದಾವೆ ಎಂದುಕೊಂಡು ಅಷ್ಟನ್ನೂ ಬಕೆಟ್ಟಿನ ನೀರಿಗೆ ಹಾಕಿದಳು. ದೇವರ ಮನೆ ಸಾರಿಸಿ ಬಂದು, ಒಂದೊಂದನ್ನೇ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ತುದಿಗೊಂದು ಕುಂಕುಮದ ಬೊಟ್ಟಿಟ್ಟು, ಡಬ್ಬಿಗೆ ತುಂಬಿ ಮೇಲೆ ವಿಭೂತಿ ಎಳೆದಳು. ಗಂಡ ಬಂದಾಗ ಡಬ್ಬಿ ಮೊದಲಿನಂತೆಯೇ ಇತ್ತು. ಅದಕ್ಕೆ ಹೂ ಏರಿಸಿ ಕೈ ಮುಗಿದ. ಮುಟ್ಟಿದೆಯಾ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಹಬ್ಬ ಕಳೆದ ಮೇಲೆ ಹಾಲೇಶಪ್ಪ ಜೀಪಿನ ಹಿಂಭಾಗಕ್ಕೆ ಒಂದು ಕೊಕ್ಕೆ ಕೂರಿಸಲು ಹೊರಟ. ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿಗೆ ಹಗ್ಗ ಕಟ್ಟಿ ಎಳೆಯುವ ಕೊಕ್ಕೆ. ಇಂಥ ಜೀಪಿಗೆ ಅದಿಲ್ಲದಿದ್ದರೆ ಮರ್ಯಾದೆಯೇ ಇಲ್ಲವೆಂದು ಮೊಬೈಲಿನ ಮೇಷ್ಟ್ರು ಹೇಳಿದ್ದನಂತೆ. ಆದರೆ ಆ ಸಲ ಕೆಲಸ ಸಲೀಸಾಗಿ ಸಾಗಲಿಲ್ಲ. ಸೈಟಿನಿಂದ ಚಟಪಟ ಸದ್ದು ಬರುತ್ತಿತ್ತು, ನಡುನಡುವೆ ಬೈಗುಳವೂ ಬರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದವನು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಯಾಕ್ರೀ? ಸುಟ್ಟಿತೇನು?"

"ಇಲ್ಲ. ಕೈ ಹಿಡಿತಕ್ಕೆ ಬರವಲ್ದು."

ಎರಡು ದಿನ ಬಿಟ್ಟು ಕೊಕ್ಕೆ ಸಿದ್ಧವಾಯಿತು. ಮೇಲೆ ದಪ್ಪಗೆ ಕೆಂಪು ಬಣ್ಣ ಬಳಿದಿದ್ದ. ಜೀಪು ಬಾಲಕ್ಕೆ ದಾಸವಾಳ ಮುಡಿದಂತೆ ಕಾಣುತ್ತಿತ್ತು. ಸ್ನೇಹಾ ಫೋಟೋ ತೆಗೆದಳು. ಬಕ್ಕೇಶ್ ಕೂಡ ಕಾರಿನಿಂದ ಇಳಿಯುತ್ತ ಒಂದು ಸಲ ಬಗ್ಗಿ ನೋಡಿದ; ಏನೂ ಅನ್ನಲಿಲ್ಲ. ಏನೂ ಅನ್ನದಿದ್ದದ್ದೇ ಹಾಲೇಶಪ್ಪನಿಗೆ ಪ್ರಶಸ್ತಿ ಬಂದಷ್ಟಾಯಿತು.

ಮೆಕ್ಕೆಜೋಳ ಮುರಿಸಲು ಭಾನುವಾರ ಎಲ್ಲರೂ ಲೋಕಿಕೆರೆಗೆ ಹೋದರು. ಹಾಲೇಶಪ್ಪ ಜೀಪಿನಲ್ಲಿ ಮುಂದೆ, ಉಳಿದ ಮೂವರು ಬಕ್ಕೇಶನ ಕಾರಿನಲ್ಲಿ ಹಿಂದೆ. ಹಿಂದಿನ ದಿನ ಮಳೆಯಾಗಿತ್ತು. ಕಾಲುವೆಯ ಪಕ್ಕದ ಎರೆಮಣ್ಣಿನಲ್ಲಿ ಕಾರಿನ ಗಾಲಿಗಳು ಅರ್ಧಕ್ಕರ್ಧ ಹೂತುಕೊಂಡವು. ಬಕ್ಕೇಶ್ ಹಿಂದೆ ಮುಂದೆ ಮಾಡಿದಷ್ಟೂ ಕಾರು ಕೂತುಕೊಳ್ಳುತ್ತಲೇ ಹೋಯಿತು. ಕೊನೆಗೆ ಇಳಿದು, ಹಣೆ ಒರೆಸಿಕೊಂಡು, ಇಷ್ಟವಿಲ್ಲದ ದನಿಯಲ್ಲಿ ಕೇಳಿದ.

"ಅಪ್ಪಾಜಿ, ಎಳೀತೈತೇನು ನಿಮ್ಮ ಜೀಪು?"

ಹಾಲೇಶಪ್ಪನ ಮುಖ ಅರಳಿತು. "ಎಳೀತೈತೇನು ಅಂತ ಕೇಳ್ತಾನೆ ನೋಡು!"

ಕಾರಿನ ಮುಂದಕ್ಕೂ ಜೀಪಿನ ಕೊಕ್ಕೆಗೂ ಹಗ್ಗ ಬಿಗಿದರು. ಸ್ನೇಹಾ ಸ್ಟೇರಿಂಗಿಗೆ ಕೂತಳು, ಬಕ್ಕೇಶ್ ಹಿಂದಿನಿಂದ ನೂಕಲು ನಿಂತ. ಪಕ್ಕದ ಸೀಟಿನಲ್ಲಿ ಬುತ್ತಿಗಂಟು ಹಿಡಿದು ಕೂತಿದ್ದ ಸರ್ವಮಂಗಳಮ್ಮನಿಗೆ, "ಅಮ್ಮ, ನೀನೂ ಇಳಿ, ಭಾರ ಕಡಿಮೆ ಆಗ್ಲಿ" ಎಂದ. ಅವಳು ಇಳಿದು ಬದುವಿನ ಮೇಲೆ ನಿಂತಳು. ಜೀಪು ಗುರ್ರೆಂದಿತು, ಹಗ್ಗ ತಂತಿಯಂತೆ ಬಿಗಿಯಾಯಿತು, ಕಾರು ಒಂದು ಗೇಣು ಮೇಲೆದ್ದಿತು. ಆಮೇಲೆ ಫಟ್ ಎಂದ ಸದ್ದಷ್ಟೇ ಅವಳಿಗೆ ಕೇಳಿಸಿದ್ದು. ಕೊಕ್ಕೆ ಬುಡಸಹಿತ ಕಿತ್ತು, ಹಗ್ಗದ ಸೆಳೆತಕ್ಕೆ ಹಿಂದಕ್ಕೆ ಹಾರಿ, ಕಾರಿನ ಮುಂದಿನ ಗಾಜು ತೂರಿಕೊಂಡು ಒಳಗೆ ಬಿತ್ತು.

ಸ್ನೇಹಾ ಕಿರುಚಿದಳು. ಬಕ್ಕೇಶ್ ಬಾಗಿಲು ಕಿತ್ತೊಗೆಯುವಂತೆ ತೆಗೆದು ಅವಳನ್ನು ಹೊರಗೆಳೆದ. ತೋಳಿನ ಮೇಲೆ ಗಾಜಿನ ಚೂರು ಗೀರಿದ್ದು ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ. ಕೊಕ್ಕೆ ಪಕ್ಕದ ಸೀಟಿನ ಮೇಲೆ ಬಿದ್ದಿತ್ತು, ಸರ್ವಮಂಗಳಮ್ಮ ಆಗತಾನೇ ಎದ್ದು ಬಂದ ಸೀಟಿನ ಮೇಲೆ.

ಹಾಲೇಶಪ್ಪ ಬಂದು ಅದನ್ನೇ ನೋಡುತ್ತ ನಿಂತ. ಬಕ್ಕೇಶ್ ಕೂಗಾಡಲಿಲ್ಲ.

"ಸಾಕು ಅಪ್ಪಾಜಿ. ಇನ್ನು ಸಾಕು."

"ಆತು," ಎಂದ ಹಾಲೇಶಪ್ಪ.

ಮರುದಿನ ಮಷೀನಿನ ಮೇಲೆ ಗೋಣಿಚೀಲ ಬಿತ್ತು. ಕಿತ್ತ ಕೊಕ್ಕೆಯನ್ನು ಸ್ನೇಹಾ ಹಿಡಿದು ನೋಡಿದಾಗ ಬೆಸುಗೆಯ ಒಳಗೆಲ್ಲ ಸೂಜಿಮೊನೆಯಂಥ ತೂತುಗಳು. "ಹುಳುಕು ಹಲ್ಲಿನಂಗೆ ಐತಲ್ರೀ ಮಾವ, ಮೇಲೆ ಚಂದ, ಒಳಗೆ ಪೊಳ್ಳು" ಎಂದಳು. ಹಾಲೇಶಪ್ಪ ಅವಳ ಕೈಯಿಂದ ಅದನ್ನು ಇಸಿದುಕೊಂಡು ಗುಜರಿ ಚೀಲಕ್ಕೆ ಹಾಕಿದ.

"ವಯಸ್ಸಾತು ಸ್ನೇಹಾ. ಕೈ ನಿಲ್ಲಂಗಿಲ್ಲ."

ಬಕ್ಕೇಶ್ ಹರಿಹರದಲ್ಲಿ ಜೀಪಿಗೆ ಗಿರಾಕಿ ಹುಡುಕಿದ. ಪರಶುರಾಮ ಎಂಬ ಹುಡುಗ, ಇಂಥ ಹಳೇ ಜೀಪುಗಳ ಹುಚ್ಚಿನವನು, ಭಾನುವಾರ ಬಂದು ನೋಡುತ್ತೇನೆ ಎಂದಿದ್ದ. ಹಾಲೇಶಪ್ಪ ಬೇಡ ಎನ್ನಲಿಲ್ಲ. ಮನೆಯಲ್ಲಿ ಜಗಳ ನಿಂತಿತು. ಅಪ್ಪ ಮಗ ಎದುರುಬದುರು ಕೂತು ತಣ್ಣಗೆ ಉಣ್ಣತೊಡಗಿದರು. ನೋಡಿದವರು ಎಂಥ ಹೊಂದಿಕೆಯ ಸಂಸಾರ ಎನ್ನಬೇಕು, ಹಾಗಿತ್ತು.

ಆದರೆ ಸರ್ವಮಂಗಳಮ್ಮನಿಗೆ ಆ ಹೊಂದಿಕೆ ಒಗ್ಗಲಿಲ್ಲ. ಗಂಡ ಅಡುಗೆಮನೆಗೆ ಬರುತ್ತಿದ್ದ, ಸುಮ್ಮನೆ ಕೂರುತ್ತಿದ್ದ. ಅವಳು ಬೇಕೆಂದೇ ಒಂದು ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಅವನು ಉಂಡು ಎದ್ದು ಹೋದ. ಸ್ಕೂಟರಿನ ಕೀಲಿ ಮಗನಿಗೆ ಕೊಟ್ಟ. ಗಡ್ಡ ಹೆರೆಯಲು ಕ್ಷೌರಿಕನನ್ನು ಮನೆಗೆ ಕರೆಸತೊಡಗಿದ. ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ, ಮಗು ಹಾಲು ಕುಡಿದಂತೆ. ಅವಳು ಕಣ್ಣಿಟ್ಟು ನೋಡಿದಳು, ಕೈ ನಡುಗುತ್ತಿರಲಿಲ್ಲ.

ಒಂದು ಬೆಳಗ್ಗೆ ಅವಳು ರೊಟ್ಟಿ ತಟ್ಟುತ್ತಿದ್ದಳು. ಕ್ಲಿನಿಕ್ಕಿಗೆ ಹೊರಡುವ ಮುಂಚೆ ಚಾ ಕುಡಿಯುತ್ತ ಕೂತ ಸ್ನೇಹಾಳ ಮೊಬೈಲಿನಲ್ಲಿ ಅದೇ ಹಿಂದಿ ಮೇಷ್ಟ್ರ ದನಿ ಎದ್ದಿತು.

"ಯಾಕ ಹಚ್ಚಿದೆ ಅದನ್ನ?"

"ಆ ತೂತು ಹೆಂಗೆ ಬಿದ್ವು ಅಂತ ಹುಡುಕ್ತಿದ್ದೆ ಅತ್ತೆ. ಇಲ್ಲೈತೆ ನೋಡ್ರಿ. ರಾಡಿನ ಮ್ಯಾಲೆ ಬೂದು ಲೇಪ ಇರ್ತೈತಲ್ಲ, ಅದು ನೀರು ಕುಡಿದ್ರೆ ಮುಗೀತಂತೆ. ಮಂಡಕ್ಕಿಗೆ ತಂಡಿ ಹೊಡೆದಂಗೆ. ಬಿಸಿಲಿಗೆ ಹಾಕಿದ್ರೆ ಹೊರಗೆ ಒಣಗಿದಂಗೆ ಕಾಣ್ತೈತೆ, ಒಳಗೆ ತೇವ ಹಂಗೇ. ಬೆಸುಗೆಯೊಳಗೆ ಗುಳ್ಳೆ ಏಳ್ತಾವಂತೆ." ಅವಳು ಮೊಬೈಲು ಆರಿಸಿ ಎದ್ದಳು. "ಅದೂ ಅಲ್ಲ ಬಿಡ್ರಿ. ಮಾವ ಡಬ್ಬೀನ ಅಲ್ಮೇರದಾಗೆ ಇಟ್ಟಿದ್ರು. ನೀರು ಎಲ್ಲಿಂದ ಬರ್ಬೇಕು?"

ತವೆಯ ಮೇಲಿನ ರೊಟ್ಟಿ ಕರಕಲಾಯಿತು.

ಅವಳು ಆ ದಿನ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ತನಗೆ ತಾನೇ ನೂರು ಸಮಾಧಾನ ಹೇಳಿಕೊಂಡಳು. ಗಂಡನ ಕಣ್ಣು ಉಳಿಯಿತು, ಮನೆಯಲ್ಲಿ ಶಾಂತಿ ಬಂತು, ಮಗ ಮಾರ್ಕೆಟ್ಟಿನಲ್ಲಿ ಮುಖ ಎತ್ತುವಂತಾಯಿತು. ಹೇಳಿದರೆ ಮತ್ತೆ ಕಿಡಿ, ಮತ್ತೆ ಜಗಳ. ಮುಟ್ಟಬೇಡ ಎಂದದ್ದನ್ನು ಮುಟ್ಟಿದೆನೆಂದು ಒಪ್ಪಿಕೊಳ್ಳುವುದೂ ಕಷ್ಟವಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಸೊಸೆಯ ತೋಳಿನ ಗೀರು ಕಂಡಾಗಲೆಲ್ಲ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು.

ಭಾನುವಾರ ಬೆಳಗ್ಗೆ ಹಾಲೇಶಪ್ಪ ಪೂಜೆಗೆ ಕೂತಿದ್ದ. ಹೂ ಕೊಡಲು ಹೋದ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತಳು. ಇಷ್ಟು ವರ್ಷ ಎಡ ಅಂಗೈಯಲ್ಲಿ ಲಿಂಗ ಹಿಡಿದು, ರೆಪ್ಪೆ ಬಡಿಯದೆ, ಕಲ್ಲಿನಂತೆ ಕೂರುತ್ತಿದ್ದ ಮನುಷ್ಯ ಈಗ ಎಡಗೈಯ ಕೆಳಗೆ ಬಲಗೈ ಆಸರೆ ಕೊಟ್ಟುಕೊಂಡಿದ್ದ. ಲಿಂಗ ಎಲ್ಲಿ ಜಾರೀತೋ ಎಂದು ಅವನ ಕಣ್ಣಲ್ಲಿ ಹೆದರಿಕೆಯಿತ್ತು. ಅವಳಿಗೆ ಅಳು ಬಂತು. ಹೂವನ್ನು ಹೊಸ್ತಿಲ ಮೇಲಿಟ್ಟು ಬಂದುಬಿಟ್ಟಳು.

ತಿಂಡಿಗೆ ಎಲ್ಲರೂ ಕೂತರು. ಗಿರಾಕಿ ಪರಶುರಾಮ ಬಂದು ಸೈಟಿನಲ್ಲಿ ಜೀಪಿನ ಸುತ್ತ ಸುತ್ತುತ್ತಿದ್ದ. ಬಕ್ಕೇಶ್ ಅವನಿಗೆ ಒಗ್ಗರಣೆ ಮಂಡಕ್ಕಿ ಕೊಟ್ಟುಬರಲು ತಟ್ಟೆ ಎತ್ತಿದ.

"ತಡಿ," ಎಂದಳು ಸರ್ವಮಂಗಳಮ್ಮ. "ಆ ರಾಡು ನಾನು ತೊಳೆದಿದ್ದೆ."

ಯಾರಿಗೂ ಅರ್ಥವಾಗಲಿಲ್ಲ.

"ಆಯುಧಪೂಜೆ ದಿನ. ವೆಲ್ಡಿಂಗ್ ರಾಡು ಬಕೆಟ್ಟಿಗೆ ಹಾಕಿ ತೊಳೆದೆ. ಬಿಸಿಲಿಗೆ ಒಣಗ್ಸಿ ಡಬ್ಬಿಗೆ ತುಂಬಿದೆ."

"ಅಮ್ಮ!" ಎಂದ ಬಕ್ಕೇಶ್. "ರಾಡು ತೊಳೆದ್ಯಾ?"

"ಎಲ್ಲಾ ತೊಳೆದಂಗೆ ಅದನ್ನೂ ತೊಳೆದೆ. ಕುಂಕುಮಾನೂ ಹಚ್ಚಿದೆ."

ಸ್ನೇಹಾ ಬಾಯಿಗೆ ಕೈ ಅಡ್ಡ ಹಿಡಿದಳು. ಹಾಲೇಶಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ನನ್ನ ಸಮಾಧಾನಕ್ಕೆ ಕತೆ ಕಟ್ಟಬ್ಯಾಡ ಮಂಗಳಾ."

"ಕತೆ ಯಾಕ ಕಟ್ಲಿ? ಬರ್ರಿ ಇಲ್ಲಿ."

ಅವಳು ಅಲ್ಮೇರದಿಂದ ಡಬ್ಬಿ ತಂದು ಉಳಿದ ರಾಡುಗಳನ್ನು ನೆಲಕ್ಕೆ ಸುರಿದಳು. ಒಂದೊಂದರ ತುದಿಯಲ್ಲೂ ಕುಂಕುಮದ ಬಣ್ಣ ತೇವದ ಲೇಪದೊಳಗೆ ಇಳಿದು ನಸುಗೆಂಪಾಗಿತ್ತು. ಆ ಕೆಂಪನ್ನು ಇಷ್ಟು ದಿನ ಬರೀ ಪೂಜೆಯ ಬೊಟ್ಟೆಂದುಕೊಂಡಿದ್ದ ಹಾಲೇಶಪ್ಪ ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿದ. ಆದರೂ ತಲೆ ಅಲ್ಲಾಡಿಸಿದ.

"ಇದು ನೆಂದಿರ್ಬೋದು. ನನ್ನ ಕೈ?"

"ಇನ್ನೊಂದು ಡಬ್ಬಿ ಒಡೆದಿಲ್ಲ. ಅದರಾಗಿಂದ ಒಂದು, ಇದರಾಗಿಂದ ಒಂದು ಹಾಕಿ ನೋಡ್ರಿ."

"ನಾ ಒಲ್ಲೆ."

"ಒಲ್ಲೆ ಅಂದ್ರೆ ನಾ ಹಾಕ್ತೀನಿ. ಕೊಡ್ರಿ ಮಾಸ್ಕು." ಅವಳು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಅರವತ್ತು ದಾಟಿದ ಹೆಂಗಸು ಗೋಣಿಚೀಲ ಎಳೆದೊಗೆದು ಮಷೀನಿನ ವೈರು ಬಿಚ್ಚತೊಡಗಿದಾಗ ಗಂಡನಾದವನು ಓಡಿಬರದೆ ಏನು ಮಾಡುತ್ತಾನೆ?

"ಬಿಡು ಬಿಡು, ಕರೆಂಟು ಐತೆ ಅದು!"

ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಬೆಳಕು ನೋಡಬಾರದೆಂದು ಆ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಪರಶುರಾಮನೂ ಬಕ್ಕೇಶ್ ತಂದುಕೊಟ್ಟ ಮಂಡಕ್ಕಿ ತಟ್ಟೆ ಹಿಡಿದು ತಿರುಗಿದ. ಸರ್ವಮಂಗಳಮ್ಮ ಗೋಡೆಯ ಮೇಲೆ ನೀಲಿ ಬೆಳಕು ಕುಣಿಯುವುದನ್ನು ನೋಡುತ್ತ ಕಿವಿಗೊಟ್ಟಳು. ತೊಳೆದ ರಾಡು ಹಸಿ ಕರಿಬೇವು ಬಿದ್ದ ಎಣ್ಣೆಯಂತೆ ಸಿಡಿಯಿತು, ನಿಂತಿತು, ಮತ್ತೆ ಸಿಡಿಯಿತು. ಹಬ್ಬದ ಮರುದಿನಗಳಲ್ಲಿ ಅಡುಗೆಮನೆಗೆ ಕೇಳುತ್ತಿದ್ದ ಸದ್ದು ಅದೇ. ಆಮೇಲೆ ಹೊಸ ಡಬ್ಬಿಯ ರಾಡು. ಕಾದ ಕಾವಲಿಗೆ ದೋಸೆಹಿಟ್ಟು ಹುಯ್ದಂತೆ ಒಂದೇ ಸಮನೆ ಸುಯ್ಯೆಂದು ಕೊನೆಯವರೆಗೆ ಸಾಗಿತು. ಅಷ್ಟುದ್ದ ಎಳೆಯುವ ಕೈ ನಡುಗುವ ಕೈಯಲ್ಲ ಎಂದು ತಿಳಿಯಲು ಅವಳು ವೆಲ್ಡಿಂಗ್ ಕಲಿಯಬೇಕಾಗಿರಲಿಲ್ಲ.

ಹಾಲೇಶಪ್ಪ ಮಾಸ್ಕು ತೆಗೆದ. ಎರಡೂ ಬೆಸುಗೆಯನ್ನು ಕೆರೆದು ನೋಡಿದ. ಒಂದರಲ್ಲಿ ತೂತು, ಇನ್ನೊಂದರಲ್ಲಿ ಇಲ್ಲ. ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಕೂತು, ಬಲಗೈಯನ್ನು ಮುಂದೆ ಚಾಚಿ ಸ್ವಲ್ಪ ಹೊತ್ತು ನೋಡಿಕೊಂಡ. ಅವನ ಕಣ್ಣು ತುಂಬಿದ್ದವು.

"ಬೈರಿ," ಎಂದಳು ಸರ್ವಮಂಗಳಮ್ಮ. "ಮುಟ್ಟಬ್ಯಾಡ ಅಂದಿದ್ರಿ. ಮುಟ್ಟಿದೆ. ಗೊತ್ತಾದ ಮ್ಯಾಲೂ ಬಾಯಿ ಬಿಡ್ಲಿಲ್ಲ."

"ಬೈಯೋ ಬಾಯಿ ಎಲ್ಲೈತೆ ನನಗೆ?" ಅವನು ಮಗನ ಕಡೆ ತಿರುಗಿದ. "ಬಕ್ಕೇಶ, ಕೇಳಿಲ್ಲಿ. ಆ ತೂತು ನಾ ಅವತ್ತೇ ನೋಡಿದ್ದೆ."

"ಏನಂದ್ರಿ?"

"ನೋಡಿದ್ದೆ. ಕಿತ್ತು ಮತ್ತೆ ಹಾಕ್ಬೇಕಿತ್ತು. ನೀ ಸಂಜೀಗೆ ಬಂದು ನೋಡ್ತಿ, ಇಷ್ಟೂ ಬರಂಗಿಲ್ಲ ಇವರಿಗೆ ಅಂತಿ ಅಂತ ಪುಟ್ಟಿ ಹಚ್ಚಿ ಬಣ್ಣ ಬಳಿದೆ. ಸುತ್ತಿಗೆ ಮುಟ್ಟಿಸ್ಲೇ ಇಲ್ಲ. ರಾಡು ತೊಳೆದದ್ದು ನಿಮ್ಮಮ್ಮ, ಬಣ್ಣ ಬಳಿದದ್ದು ನಾನು. ಅಕೀಗೆ ಗೊತ್ತಿರ್ಲಿಲ್ಲ, ನನಗೆ ಗೊತ್ತಿತ್ತು."

ಬಕ್ಕೇಶನ ಮುಖ ಕೆಂಪಾಯಿತು. "ಸ್ನೇಹಾ ಒಳಗಿದ್ಲು ಅಪ್ಪಾಜಿ. ಅಮ್ಮ ಆಗಷ್ಟೇ ಇಳಿದಿದ್ಲು."

"ಹೌದು."

"ನಾ ಏನಂತೀನೋ ಅಂತ ಹೆದರಿ ಹಂಗೆ ಮಾಡಿದ್ರಾ?"

"ಹೌದು."

ಗಾದಿಯ ಮೇಲೆ ಕೂತು ಊರನ್ನೇ ಬೈಯುತ್ತಿದ್ದ ಅಪ್ಪ ತನಗೆ ಹೆದರಿದ್ದನ್ನು ಬಕ್ಕೇಶ್ ಕೇಳಿದ್ದು ಇದೇ ಮೊದಲು, ಅದು ಅವನಿಗೆ ಒಂದಿಷ್ಟೂ ಹಿತವಾಗಲಿಲ್ಲ. ಜೀಪಿನ ಕಡೆ ನೋಡಿದ, ಹೊಸ ಬೆಸುಗೆಯ ಕಡೆ ನೋಡಿದ. ಕೊನೆಗೆ ಪರಶುರಾಮನ ಹತ್ತಿರ ಹೋಗಿ, "ಇವತ್ತು ಬ್ಯಾಡ್ರಿ. ತಪ್ಪು ತಿಳ್ಕಾಬ್ಯಾಡ್ರಿ, ಚಾ ಕುಡ್ದು ಹೋಗ್ರಿ" ಎಂದ. ವಾಪಸು ಬಂದು ಅಪ್ಪನ ಮುಂದೆ ನಿಂತ.

"ಹೊಸಾ ಕೊಕ್ಕೆ ಮಾಡ್ರಿ. ಆದ್ರೆ ಬಣ್ಣ ಹಚ್ಚೋ ಮುಂಚೆ ನನಗೆ ತೋರಿಸ್ಬೇಕು."

"ಆತು," ಎಂದ ಹಾಲೇಶಪ್ಪ. ಲೋಕಿಕೆರೆಯಲ್ಲಿ ಅಂದ ಮಾತೇ, ಆದರೆ ಬೇರೆ ದನಿಯಲ್ಲಿ.

ಹೊಸ ರಾಡುಗಳಿಗೆ ಸರ್ವಮಂಗಳಮ್ಮ ಖಡಕ್ ರೊಟ್ಟಿ ಇಡುವ ತಗಡಿನ ಡಬ್ಬಿಯ ಜೋಡಿ ಡಬ್ಬಿಯನ್ನು ಬಿಟ್ಟುಕೊಟ್ಟಳು. ಮಳೆಗಾಲದಲ್ಲೂ ರೊಟ್ಟಿ ಮೆತ್ತಗಾಗದಂತೆ ಇಡುವವಳಿಗೆ ರಾಡು ಇಡುವುದು ಯಾವ ಮಹಾ ವಿದ್ಯೆ? ಎರಡೂ ಡಬ್ಬಿ ಒಲೆಯ ಪಕ್ಕದ ಹಲಗೆಯ ಮೇಲೆ ಬೆಚ್ಚಗೆ ಕೂತವು. ಗಂಡ ರಾಡು ತೆಗೆದುಕೊಳ್ಳುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಅಡುಗೆಮನೆಗೆ ಬರುವಂತಾಯಿತು, ಬಂದಾಗಲೆಲ್ಲ ಸಾರಿನ ರುಚಿ ನೋಡುವಂತಾಯಿತು. "ಉಪ್ಪು ಒಂದು ಕಲ್ಲು ಜಾಸ್ತಿ" ಎಂದ ದಿನ ಅವಳು ಅವನನ್ನು ಬೈದು ಹೊರಗೆ ಅಟ್ಟಿ, ಅವನು ಕಾಣದಂತೆ ಕಣ್ಣೊರೆಸಿಕೊಂಡಳು. ಪೂಜೆಯ ಹೊತ್ತಿಗೆ ಅವನ ಬಲಗೈ ಮತ್ತೆ ತೊಡೆಯ ಮೇಲೆ ಹೋಗಿ ಕೂತಿತ್ತು.

ಕೊಕ್ಕೆ ಮುಗಿದ ದಿನ ಸಂಜೆ ಬಕ್ಕೇಶ್ ಮಂಡಿಯಿಂದ ಬೇಗ ಬಂದ. ಶರ್ಟಿನ ತೋಳು ಮಡಚಿದ. ಹಾಲೇಶಪ್ಪ ಸಣ್ಣ ಸುತ್ತಿಗೆ ಕೊಡಹೋದರೆ ಅದನ್ನು ಬಿಟ್ಟು, ಕಲ್ಲು ಒಡೆಯುವ ದೊಡ್ಡ ಸುತ್ತಿಗೆ ಎತ್ತಿಕೊಂಡ. ಅತ್ತೆ ಸೊಸೆ ಇಬ್ಬರೂ ದೂರ ನಿಂತರು. ಮೊದಲ ಏಟು ಬಿದ್ದಾಗ ಸರ್ವಮಂಗಳಮ್ಮ ಕಣ್ಣು ಮುಚ್ಚಿದಳು. ಒಂದು ಬದಿಗೆ ಹೊಡೆದ, ಇನ್ನೊಂದು ಬದಿಗೆ ಹೊಡೆದ, ಕೆಳಗಿನಿಂದ ಮೇಲಕ್ಕೆ ಹೊಡೆದ. ಅಂದು ಹೊಲದಲ್ಲಿ ಕೂಗಾಡದೆ ನುಂಗಿಕೊಂಡದ್ದೆಲ್ಲ ಆ ಏಟುಗಳಲ್ಲಿತ್ತು. ಎದುರು ಮನೆಯವರು ಬಾಗಿಲಿಗೆ ಬಂದರು. ಜೀಪು ಪ್ರತಿ ಏಟಿಗೂ ಜಗ್ಗಿ ಜಗ್ಗಿ ನಿಂತಿತು. ಕೊಕ್ಕೆ ಅಲ್ಲಾಡಲಿಲ್ಲ.

ಬಕ್ಕೇಶ್ ಏದುಸಿರು ಬಿಡುತ್ತ ಸುತ್ತಿಗೆ ಕೆಳಗಿಟ್ಟ. ಬಗ್ಗಿ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ತಾನೇ ಹೋಗಿ ಮೂಲೆಯಲ್ಲಿದ್ದ ಕೆಂಪು ಬಣ್ಣದ ಡಬ್ಬಿ ತಂದು ಅಪ್ಪನ ಕೈಗೆ ಕೊಟ್ಟ.

"ಹಚ್ರಿ ಅಪ್ಪಾಜಿ."

ಹಾಲೇಶಪ್ಪ ಡಬ್ಬಿಯ ಮುಚ್ಚಳ ತೆಗೆದ. ಹೆಂಡತಿಯ ಕಡೆ ತಿರುಗಿದ.

"ಮಂಗಳಾ, ಹಿತ್ತಲದಾಗೆ ಬ್ರಶ್ ಐತೆ, ತಗಂಬಾ." ಅವಳು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ ಕೂಗಿದ. "ಹೆಂಗೈತೋ ಹಂಗೇ ತಾ! ತೊಳೀಬ್ಯಾಡ!"

ಬಕ್ಕೇಶನೇ ಮೊದಲು ನಕ್ಕದ್ದು. ಸರ್ವಮಂಗಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ, ಧೂಳು ಹಿಡಿದಿದ್ದ ಬ್ರಶ್ಶನ್ನು ಹಾಗೆಯೇ ತಂದುಕೊಟ್ಟಳು.